ರಾವಣನ ಪೆಟ್ಟಿಗೆ

ನಮ್ಮ ತೊಗಲುಗೊಂಬೆಯವರಲ್ಲಿ ಒಂದು ಕಟ್ಟಳೆ. ರಾಮನನ್ನೂ ರಾವಣನನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು. ಇಟ್ಟರೆ ಒಳಗೇ ಬಡಿದಾಡಿ ಹರಿದುಹೋಗುತ್ತಾರೆ ಅಂತ ನಮ್ಮಪ್ಪ ಹೇಳುತ್ತಿದ್ದ. ನನ್ನ ಹತ್ತಿರ ಆಟ ಕಲಿತ ಕಾಲೇಜು ಮಕ್ಕಳ ಜೊತೆ ಪರದೇಶಕ್ಕೆ ಹೊರಟಾಗಲೂ ನಾನು ಎರಡು ಪೆಟ್ಟಿಗೆ ಕಟ್ಟಿಸಿದೆ.

ವಿಮಾನ ಬದಲಿಸಿ, ಕೂತು ಕೂತು ಕಾಲು ಊದಿಸಿಕೊಂಡು ಇಳಿದರೆ, ಬಂದದ್ದು ರಾವಣನ ಪೆಟ್ಟಿಗೆ ಒಂದೇ. ರಾಮನದು ನಾಳೆ ಬರುತ್ತದಂತೆ. ಆಟ ಇರುವುದು ಇವತ್ತು ಸಂಜೆ, ರಾಮ-ರಾವಣರ ಯುದ್ಧ.

"ಎಲ್ಲಾ ಒಂದರಲ್ಲೇ ತುಂಬೋಣ ಅಂದೆ, ಕೇಳಿದ್ರಾ ತಾತ? ಈಗ ರಾವಣ ಯಾರ ಜೊತೆ ಯುದ್ಧ ಮಾಡ್ತಾನೆ, ನಿಮ್ಮ ಜೊತೆನಾ?" ಅಂದ ಮಕ್ಕಳ ಮುಂದಾಳು.

ಒಪ್ಪಿದ ಆಟ ನಿಲ್ಲಿಸಿದ ನೆನಪು ನನಗಿಲ್ಲ.

ಆ ಮಕ್ಕಳಲ್ಲೊಬ್ಬಳು, ದಾರಿಯುದ್ದಕ್ಕೂ ತುಟಿ ಬಿಚ್ಚದಿದ್ದ ತ್ರಿವೇಣಿ, ಹತ್ತಿರ ಬಂದಳು.

"ತಾತ, ಬಯ್ಬೇಡಿ. ಹೊರಡುವಾಗ ತೂಕ ಹಾಕಿದ್ರಲ್ಲ, ರಾಮನ ಪೆಟ್ಟಿಗೆ ಜಾಸ್ತಿ ಬಂತು. ನೀವು ಆಚೆ ತಿರುಗಿದ್ರಿ..."

"ಏನು ಮಾಡಿದೆ ತಾಯಿ?"

ಅವಳು ರಾವಣನ ಪೆಟ್ಟಿಗೆಯ ಹಗ್ಗ ಬಿಚ್ಚಿದಳು. ಇಬ್ಬರೂ ಚಿಂದಿಯಾಗಿರುತ್ತಾರೆ ಅಂದುಕೊಂಡೇ ನಾನು ಬಗ್ಗಿ ನೋಡಿದೆ.

ಒಂದು ಗೀರೂ ಇಲ್ಲದೆ, ರಾವಣನ ಹತ್ತು ತಲೆಗಳನ್ನು ದಿಂಬು ಮಾಡಿಕೊಂಡು ರಾಮ ಮಲಗಿದ್ದ.