ಅವ್ವನ ದನಿ

ಅಕ್ಷರ ಕಂಡರೆ ತಡವರಿಸುವ ಮಕ್ಕಳ ಶಾಲೆಗಳಲ್ಲಿ ಆಗ ಕಂಪ್ಯೂಟರುಗಳೇ ಓದು ಕಲಿಸುತ್ತಿದ್ದವು, ಅದೂ ಆಯಾ ಮಗುವಿನ ತಾಯಿಯ ದನಿಯಲ್ಲಿ. ಮಗಳನ್ನು ಸೇರಿಸಿದ ದಿನ ಮಹಾನಂದಾಳೂ ಎಲ್ಲರಂತೆ ತನ್ನ ದನಿ ಕೊಟ್ಟು ಬಂದು, ಮರೆತೇಬಿಟ್ಟಿದ್ದಳು. ಇಂದು ಕರೆದೊಯ್ಯಲು ತುಸು ಬೇಗ ಬಂದವಳಿಗೆ ಬಾಗಿಲಲ್ಲೇ ಕಂಪ್ಯೂಟರಿನಿಂದ ತನ್ನದೇ ದನಿ ಕೇಳಿಸಿತು.

“ಗಡಿಬಿಡಿ ಬ್ಯಾಡ ನನ್ನ ಬಂಗಾರ, ಇನ್ನೊಮ್ಮೆ ನೋಡು.”

ಮಗಳು ದಾಕ್ಷಾಯಣಿ ಮತ್ತೆ ತಪ್ಪಿದಳು. ಮತ್ತೂ ತಪ್ಪಿದಳು. ಆ ದನಿಗೆ ಬೇಸರವೇ ಇಲ್ಲ. ಕೊನೆಗೆ ‘ನವಿಲುಗರಿ’ ಎಂದು ಓದಿ ಹುಡುಗಿ ಕುರ್ಚಿಯಲ್ಲೇ ಕುಣಿದಳು.

“ಮನ್ಯಾಗ ಪುಸ್ತಕ ತೆಗದ್ರ ಬಾಯಿನ ಬಿಡಂಗಿಲ್ರೀ ಇಕಿ,” ಎಂದಳು ಮಹಾನಂದಾ, ಪಕ್ಕದಲ್ಲಿದ್ದ ಟೀಚರಿಗೆ.

“ಇಲ್ಲೆ ನಿಮ್ಮ ದನಿ ಕೇಳಿದ್ರ ಸಾಕು, ಓದ್ತಾಳ್ರೀ,” ಎಂದು ಟೀಚರು ಮೆಚ್ಚಿಕೆಯಿಂದ ನಕ್ಕರು.

ಮಹಾನಂದಾಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿನ್ನೆ ಸಂಜೆ ಇದೇ ಪದಕ್ಕೆ ‘ದಡ್ಡಿ’ ಎಂದು ಬೈದು, ಮಗಳ ಬೆರಳ ಮೇಲೆ ಸ್ಕೇಲಿನಿಂದ ಹೊಡೆದಿದ್ದಳು. ಆ ಬೆರಳುಗಳೇ ಈಗ ಪರದೆಯ ಮೇಲೆ ನಿರ್ಭಯವಾಗಿ ಓಡಾಡುತ್ತಿದ್ದವು.

ಅವಳು ಮೆಲ್ಲಗೆ ಮಗಳ ಬೆನ್ನ ಹಿಂದೆ ಹೋಗಿ ನಿಂತು ಕೇಳಿದಳು.

“ಇನ್ನೊಂದು ಓದ್ತಿ ಏನು, ನನ್ನ ಬಂಗಾರ?”

“ಹೂಂ ಅವ್ವಾ,” ಎಂದು ದಾಕ್ಷಾಯಣಿ ಕಂಪ್ಯೂಟರಿಗೆ ತಲೆಯಾಡಿಸಿದಳು. ಹಿಂತಿರುಗಿ ನೋಡಲಿಲ್ಲ.