ಬೆಂಚಿನ ಮೇಲೆ ಆರಡಿ ಒಂಬತ್ತಂಗುಲ

"ಬ್ರಿಸ್ಬೇನ್‌ನವರು ಅನುಭವ ಇರೋ ಶೂಟರ್ ಕೊಡ್ತಾರಂತೆ ಸಾರ್. ಅಡಿಲೇಡ್‌ನವರು ಬರೀ ಒಬ್ಬ ಹೊಸಬನ್ನ," ಎಂದು ಅಸಿಸ್ಟೆಂಟ್ ಕೋಚ್ ದಿನೇಶ ಎರಡು ಪತ್ರಗಳನ್ನು ಊಟದ ಮೇಜಿನ ಮೇಲಿಟ್ಟ. ಬದಲಿಗೆ ಇಬ್ಬರೂ ಕೇಳಿದ್ದು ಅಭಿಯನ್ನು. ಪರ್ತ್ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಇಪ್ಪತ್ತರ ಹರೆಯದ, ಬುಟ್ಟಿಯ ಕೆಳಗೆ ಆಡುವ ಸೆಂಟರ್, ಆರಡಿ ಒಂಬತ್ತಂಗುಲ ಎತ್ತರ, ಕೋಚ್ ಉಮಾಕಾಂತನ ಒಬ್ಬನೇ ಮಗ. 2014ರ ಸೀಸನ್ನಿಗೆ ಅವನನ್ನು ಎಲ್ಲಿಗೆ ಕೊಡುವುದೆಂದು ಸಂಜೆಯೊಳಗೆ ತಿಳಿಸಬೇಕಿತ್ತು.

"ಬ್ರಿಸ್ಬೇನ್‌ಗೇ ಕೊಡೋಣ. ನಮಗೆ ದೂರದಿಂದ ಬುಟ್ಟಿಗೆ ಹಾಕೋ ಶೂಟರ್ ಬೇಕು," ಎಂದ ಉಮಾಕಾಂತ. "ಅಲ್ಲೇ ಸನ್ನಿಬ್ಯಾಂಕ್ ಬಡಾವಣೇಲಿ ಅವನ ಚಿಕ್ಕಮ್ಮ ಇದ್ದಾಳೆ, ಊಟಕ್ಕೂ ತೊಂದ್ರೆ ಇಲ್ಲ."

"ಅವನು ಹೋಗ್ತಿರೋದು ಊಟಕ್ಕಲ್ಲ," ಎಂದಳು ಹೆಂಡತಿ ವೈದೇಹಿ, ಒಲೆಯ ಮುಂದಿನಿಂದಲೇ.

"ಬ್ರಿಸ್ಬೇನ್‌ನಲ್ಲಿ ಆಗ್ಲೇ ಇಬ್ಬರು ಸೆಂಟರ್ ಇದ್ದಾರೆ ಸಾರ್. ಅಲ್ಲೂ ಬೆಂಚಲ್ಲೇ ಕೂತಿರ್ತಾನೆ. ಅಡಿಲೇಡ್‌ನವರು ಮೊದಲ ಐವರಲ್ಲೇ ಆಡಿಸ್ತೀವಿ ಅಂತ ಬರ್ದಿದ್ದಾರೆ."

"ಗೊತ್ತು. ಮಗನಿಗೋಸ್ಕರ ಕ್ಲಬ್ಬಿಗೆ ನಷ್ಟ ಮಾಡ್ದ ಅನ್ನಿಸ್ಕೊಳ್ಳೋದು ಬೇಡ."

ಉಮಾಕಾಂತನದು ಇದೊಂದು ರೋಗ. ಪಂಕ್ತಿಯಲ್ಲಿ ಬಡಿಸಲು ನಿಂತರೆ ತನ್ನ ಮನೆಯವರ ಎಲೆಗೆ ಎಲ್ಲರಿಗಿಂತ ಕೊನೆಗೆ ಹೋಳಿಗೆ ಹಾಕುವ ಪೈಕಿ. ಎರಡು ವರ್ಷದಿಂದಲೂ, ತಂಡ ಇಪ್ಪತ್ತು ಅಂಕ ಮುಂದಿದ್ದರೆ ಮಾತ್ರ, ಅದೂ ಕೊನೆಯ ಮೂರು ನಿಮಿಷಕ್ಕೆ, ಅಭಿಯನ್ನು ಇಳಿಸುತ್ತಿದ್ದ. ಮೂರು ನಿಮಿಷದಲ್ಲಿ ಯಾರ ಬೆಲೆ ತಾನೇ ಗೊತ್ತಾದೀತು?

ವೈದೇಹಿ ಒಲೆ ಆರಿಸಿ ಬಂದಳು. "ಒಂದು ಕೇಳ್ತೀನಿ, ನಿಜ ಹೇಳ್ರೀ. ಇವನು ಬೇರೆಯವರ ಮಗ ಆಗಿದ್ದಿದ್ರೆ ಏನ್ಮಾಡ್ತಿದ್ರಿ?"

"ಪ್ರತಿ ಮ್ಯಾಚಲ್ಲೂ ಮೂವತ್ತು ನಿಮಿಷ ಆಡಿಸ್ತಿದ್ದೆ," ಎಂದುಬಿಟ್ಟ ಉಮಾಕಾಂತ. ಅಂದಮೇಲೆ ತಡೆಯಲಾಗಲಿಲ್ಲ. "ಬೋರ್ಡಿಗೆ ಬಡಿದ ಚೆಂಡು ಎಲ್ಲಿ ಬೀಳುತ್ತೆ ಅಂತ ಅವನಿಗೆ ಮೊದಲೇ ಗೊತ್ತಾಗುತ್ತೆ ಕಣೇ. ಅದನ್ನ ಯಾರೂ ಕಲಿಸೋಕಾಗಲ್ಲ."

ಬಾಗಿಲಲ್ಲಿ ಅಭಿ ತಲೆ ಬಗ್ಗಿಸಿ ನಿಂತಿದ್ದ. ಅಪ್ಪನ ಬಾಯಿಂದ ಇಂಥ ಮಾತು ಅವನು ಈವರೆಗೆ ಕೇಳಿರಲಿಲ್ಲ.

"ಅಡಿಲೇಡ್, ಡ್ಯಾಡ್. ಪ್ಲೀಸ್," ಎಂದ.

ಉಮಾಕಾಂತ ಬ್ರಿಸ್ಬೇನಿನ ಪತ್ರವನ್ನು ಮಡಿಸಿ ಪಕ್ಕಕ್ಕಿಟ್ಟ. ಎರಡು ವರ್ಷದ ಭಾರ ಇಳಿದಂತಾಯಿತು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಮೂರು ತಿಂಗಳಾದ ಮೇಲೆ ಅಡಿಲೇಡ್ ತಂಡ ಪರ್ತ್‌ಗೆ ಆಡಲು ಬಂತು. ಕೊನೆಯ ಕ್ಷಣದಲ್ಲಿ ಬುಟ್ಟಿಯತ್ತ ಹೊರಟಿದ್ದ ಪರ್ತ್‌ನ ಚೆಂಡನ್ನು ಅಭಿ ಗಾಳಿಯಲ್ಲೇ ತಡೆದ. ಒಂದು ಅಂಕದಿಂದ ಅಡಿಲೇಡ್ ಗೆದ್ದಿತು. ಪರ್ತ್‌ನವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದ್ದರೆ, ಅವರ ಕೋಚ್ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ.

"ಸಾರ್, ಸೋತಿದ್ದು ನಾವು," ಎಂದು ದಿನೇಶ ಅವನ ಅಂಗಿ ಜಗ್ಗಿದ.

"ಗೊತ್ತಪ್ಪಾ," ಎಂದ ಉಮಾಕಾಂತ, ಚಪ್ಪಾಳೆ ನಿಲ್ಲಿಸದೆ. "ಈಗ ಅವನು ನಮ್ಮವನಲ್ವಲ್ಲ, ಹೊಗಳಬಹುದು."