ಸೋಮಲಿಂಗಪ್ಪನವರ ಷರಾ

ಮಾತ್ರೆಯ ತಟ್ಟೆ ಹಿಡಿದು ಹೊಸ ನರ್ಸ್ ಹತ್ತಿರ ಬಂದಾಗ ಸೋಮಲಿಂಗಪ್ಪನವರು ಅಂಗೈಯ ಇಷ್ಟಲಿಂಗವನ್ನು ಎದೆಗೆ ಅವಚಿಕೊಂಡು ಜಗಳಕ್ಕೆ ಸಿದ್ಧರಾದರು. ಪೂಜೆಯಾಗದೆ ಅವರು ನೀರನ್ನೂ ಮುಟ್ಟುವವರಲ್ಲ. ಬಸವೇಶ್ವರನಗರದ ಈ ನರ್ಸಿಂಗ್ ಹೋಮಿನಲ್ಲಿ ಪಾಳಿ ಬದಲಾದಾಗಲೆಲ್ಲ ಹೊಸಬರಿಗೆ ಅದನ್ನೇ ಹೇಳಿ ಹೇಳಿ ಸಾಕಾಗಿತ್ತು. ನಿನ್ನೆಯ ಪಾಳಿಗೆ ಬಂದಿದ್ದ ನರ್ಸ್ ಗುರುದೇವಿಯಂತೂ ಇವರು ಹೇಳುತ್ತಿದ್ದಷ್ಟು ಹೊತ್ತೂ ತಲೆಯೆತ್ತದೆ, ವಾರ್ಡಿಗೆ ಆ ತಿಂಗಳಷ್ಟೇ ಬಂದಿದ್ದ ಕಂಪ್ಯೂಟರನ್ನು ಕುಟ್ಟುತ್ತಲೇ ಇದ್ದಳು. "ಆ ಪೆಟ್ಟಿಗಿ ಬಿಟ್ಟು ನನ್ನ ಮಾರಿ ನೋಡಿ ಕೇಳವ್ವ" ಎಂದು ಗದರಿದ್ದರು.

ಇವತ್ತಿನ ಈ ಹೊಸಬಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಮಂಚದ ಸುತ್ತ ಪರದೆ ಎಳೆದಳು. "ಪೂಜೆ ಮುಗಿಸ್ಕೊಳ್ಳಿ ತಾತ. ಅರ್ಧ ಗಂಟೆ ಬಿಟ್ಟು ಬರ್ತೀನಿ, ಡಾಕ್ಟ್ರೂ ಆಗಬಹುದು ಅಂದಿದ್ದಾರೆ."

"ನಿನಗ ಯಾರು ಹೇಳಿದ್ರು?"

"ಕಂಪ್ಯೂಟರಲ್ಲಿದೆ. ನಿನ್ನೆ ಗುರುದೇವಿ ಸಿಸ್ಟರ್ ಬರ್ದಿಟ್ಟಿದ್ದಾರೆ." ಅವಳು ನಗು ತಡೆದುಕೊಂಡಳು. "ಲಿಂಗಪೂಜೆ ಆದ್ಮೇಲೇ ಮಾತ್ರೆ ಕೊಡಿ, ಅಲ್ಲೀವರೆಗೂ ಬೈತಾರೆ, ಆಮೇಲೆ ತುಂಬಾ ಒಳ್ಳೆಯವರು ಅಂತ."

ಸೋಮಲಿಂಗಪ್ಪನವರ ಮೀಸೆ ಅದುರಿತು. ಲಿಂಗವನ್ನು ಮತ್ತೆ ಅಂಗೈಗೆ ಇಳಿಸಿಕೊಂಡು, "ಅದನ್ನ ಅಳಿಸಬ್ಯಾಡವ್ವ" ಎಂದರು. "ಬೈತೀನಿ ಅನ್ನೋದೂ ಇರ್ಲಿ."